ಅಪ್ಪನ ಗಡ್ಡ ಅಕ್ಕನ ಪಾಲು

ನನ್ನ ಅಕ್ಕನನ್ನು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಗಳುವವರು ಒಬ್ಬಿಬ್ಬರಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಊರಿನ ಅರ್ಧಕ್ಕರ್ಧ ಗಂಡಸರ ತಲೆ ಅವಳ ಕೈಯಲ್ಲೇ ಇದೆ. ಕಟಿಂಗ್ ಶಾಪ್ ನಡೆಸುವ ಹೆಂಗಸು ನಮ್ಮಲ್ಲಿ ಅವಳೊಬ್ಬಳೇ. ‘ಕತ್ತರಿ ಅಕ್ಕ’ ಎಂದರೆ ಸಾಕು, ಬಸ್ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ನಾನು ವಿಮಾ ಆಫೀಸಿನಲ್ಲಿ ಇಷ್ಟು ವರ್ಷ ಕುರ್ಚಿ ಸವೆಸಿದ್ದೇನೆ. ನನ್ನನ್ನು ಪರಿಚಯ ಮಾಡಿಕೊಟ್ಟರೆ ಜನ ಕೇಳುವುದು ಒಂದೇ ಮಾತು: “ಓ, ಕತ್ತರಿ ಅಕ್ಕನ ತಂಗೀನಾ?”

ಆ ಅಂಗಡಿ ಅಪ್ಪನದು. ಅಮ್ಮ ಹೋದ ಮೇಲೆ ಅಕ್ಕ ಶಾಲೆ ಬಿಟ್ಟು ಅಲ್ಲಿ ಕೂದಲು ಗುಡಿಸಲು ನಿಂತಳು. ನನ್ನನ್ನು ಕಾಲೇಜಿಗೆ ಕಳಿಸಿದರು. ಅಕ್ಕ ತಂಗಿಗಾಗಿ ತ್ಯಾಗ ಮಾಡಿದಳು ಎಂದು ನಮ್ಮ ಚಿಕ್ಕಮ್ಮ ಇವತ್ತಿಗೂ ಕಣ್ಣು ಒರೆಸಿಕೊಳ್ಳುತ್ತಾರೆ. ತ್ಯಾಗವಂತೆ ತ್ಯಾಗ! ಬೆಳಗಿನಿಂದ ಸಂಜೆವರೆಗೆ ಅಪ್ಪ ಅವಳಿಗೇ ಸಿಕ್ಕಿದರು. ನನಗೆ ಸಿಕ್ಕಿದ್ದು ಬೀಜಗಣಿತ.

ಗಡ್ಡ ಮಾಡುವುದನ್ನು ಅಪ್ಪ ಕಲಿಸುತ್ತಿದ್ದುದು ಬಲೂನಿನ ಮೇಲೆ. ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದ ಹಾಗೆ ಕತ್ತಿಯಿಂದ ನೊರೆ ತೆಗೆಯಬೇಕು. ಅಕ್ಕ ಒಡೆದ ಬಲೂನುಗಳಿಗೆ ಲೆಕ್ಕವಿಲ್ಲ. ಅಂಗಡಿಯಿಂದ ಢಬ್ ಎಂದು ಸದ್ದು ಬಂದರೆ ಎದುರು ಬೀದಿಯ ಟೈಲರ್ ಹೊಲಿಗೆ ನಿಲ್ಲಿಸಿ, “ಇನ್ನೊಬ್ಬ ಸತ್ತ!” ಎಂದು ಕೂಗುತ್ತಿದ್ದ. ಕೊನೆಗೆ ಬಲೂನು ಒಡೆಯುವುದು ನಿಂತಿತು. ಆ ದಿನ ಅಪ್ಪ ಗಿರಾಕಿಯ ಕುರ್ಚಿಯಲ್ಲಿ ತಾವೇ ಕೂತು, ಕತ್ತು ಹಿಂದಕ್ಕೆ ಚಾಚಿ, “ಬಾ, ಈಗ ನನ್ನ ಮೇಲೆ ಕೈ ಆಡಿಸು,” ಎಂದರು. ನಾನು ಸ್ಕೂಲ್ ಬ್ಯಾಗ್ ಹೊತ್ತು ಬಾಗಿಲಲ್ಲೇ ನಿಂತಿದ್ದೆ. ಎದುರಿನ ಕನ್ನಡಿಯಲ್ಲಿ ಅವರಿಬ್ಬರ ಮುಖ ಕಾಣುತ್ತಿತ್ತು, ಹಿಂದೆ ನನ್ನದೂ. ಕತ್ತಿ ಜಾರಿ ಅಪ್ಪನ ಗಲ್ಲದಲ್ಲಿ ರಕ್ತ ಬಂತು. ಅಪ್ಪ ಹತ್ತಿ ಒತ್ತಿಕೊಂಡು ನಕ್ಕರು. ನಾನು ನೂರಕ್ಕೆ ನೂರು ತಂದ ದಿನವೂ ಅವರು ಹಾಗೆ ನಕ್ಕಿರಲಿಲ್ಲ.

ಅಂದಿನಿಂದ ಅಪ್ಪನ ಗಡ್ಡ ಅಕ್ಕನ ಪಾಲಾಯಿತು. ಅಪ್ಪನ ಕೈಗೆ ನಡುಕ ಬಂದ ಮೇಲೆ ಅಂಗಡಿಯೂ ಅವಳದಾಯಿತು. ಅವಳು ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಹಿತ್ತಲ ಬಾಗಿಲಲ್ಲಿ ಅಪ್ಪನನ್ನು ಕೂರಿಸಿ ನೊರೆ ಹಚ್ಚುತ್ತಾಳೆ. ಇಬ್ಬರೂ ಊರ ಸುದ್ದಿಯೆಲ್ಲ ಮಾತಾಡುತ್ತಾರೆ, ಜಗಳ ಆಡುತ್ತಾರೆ, ನಗುತ್ತಾರೆ. ಅವಳು ಅಪ್ಪನನ್ನು ‘ನೀನು’ ಎನ್ನುತ್ತಾಳೆ, ನಾನು ‘ನೀವು’ ಎನ್ನುತ್ತೇನೆ. ಓದಿದವಳೆಂದು ನನಗೆ ಮರ್ಯಾದೆ ಅಂಟಿಕೊಂಡಿತು, ಸಲಿಗೆ ಅವಳ ಹತ್ತಿರವೇ ಉಳಿಯಿತು.

ಈ ವರ್ಷ ಅಪ್ಪನಿಗೆ ಎಂಬತ್ತು ತುಂಬುವುದಿತ್ತು. ಇನ್ನು ಮುಂದೆ ನಮ್ಮ ಮನೆಯಲ್ಲಿ ಇರಿ ಎಂದು ನಾನು ಅವರನ್ನು ಕೇಳಿದ್ದೆ. ನಮ್ಮಲ್ಲಿ ಲಿಫ್ಟ್ ಇದೆ, ಗಾಳಿ ಬೆಳಕಿದೆ, ಅವರಿಗೆಂದೇ ಒಂದು ಕೋಣೆಗೆ ಬಣ್ಣ ಹೊಡೆಸಿ ಇಟ್ಟಿದ್ದೇನೆ. ಅಪ್ಪ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. “ಹುಟ್ಟುಹಬ್ಬದ ದಿನ ಹೇಳ್ತೀನಮ್ಮ,” ಎಂದರು. ಸರಿ, ಹುಟ್ಟುಹಬ್ಬವನ್ನು ನಾನೇ ಮಾಡುತ್ತೇನೆ, ಅದೂ ಪರದೇಶದಲ್ಲಿ, ಸಮುದ್ರದ ಪಕ್ಕದಲ್ಲಿ ಎಂದು ಹೊರಟೆ. ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗಳು ಅಳಿಯ, ಎಲ್ಲರನ್ನೂ ಹೊರಡಿಸಿದೆ. ನನ್ನ ಗಂಡ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಾ ಕೇಳಿದರು, “ಇದು ಹುಟ್ಟುಹಬ್ಬಾನೋ, ಚುನಾವಣೆ ಪ್ರಚಾರಾನೋ?”

“ಸುಮ್ಮನೆ ಜಿಪ್ ಹಾಕ್ರಿ,” ಎಂದೆ.

ಅಕ್ಕನನ್ನು ಬಿಟ್ಟು ಹೋಗುವಂತಿರಲಿಲ್ಲ. ಅವಳು ಅಂಗಡಿಗೆ ಬೀಗ ಹಾಕಿ ಬಂದಳು, ಅಪ್ಪನ ಗಡ್ಡದ ಪೆಟ್ಟಿಗೆಯನ್ನು ಕೈಚೀಲದಲ್ಲಿ ಇಟ್ಟುಕೊಂಡು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಆ ಪೆಟ್ಟಿಗೆ ತೆರೆದಾಗ ಒಳಗೆ ಆಳುದ್ದ ಅಲ್ಲದಿದ್ದರೂ ಅಂಗೈ ಉದ್ದದ ಕತ್ತಿ ಪಳಪಳ ಹೊಳೆಯಿತು.

“ಅಯ್ಯೋ ಅಕ್ಕ, ಇದನ್ನ ಸೂಟ್‌ಕೇಸಲ್ಲಿ ಹಾಕೋದಲ್ವಾ?” ಎಂದು ನಾನು ತಲೆ ಚಚ್ಚಿಕೊಂಡೆ.

“ಅಲ್ಲಿ ಎತ್ತಿ ಎತ್ತಿ ಎಸೀತಾರಂತೆ ಕಣೇ. ಹರಿತ ಹೋದ್ರೆ ಅಪ್ಪನ ಕೆನ್ನೆ ಗತಿ ಏನು?”

ತಪಾಸಣೆಯ ಹುಡುಗಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ಇದು ಗಡ್ಡಕ್ಕೆ ಎಂದು ತಿಳಿಸಲು ಅಕ್ಕ ಅಪ್ಪನ ಕಡೆ ಕೈ ತೋರಿಸಿದಳು, ಆಮೇಲೆ ತನ್ನ ಕತ್ತಿನ ಮೇಲೆ ಬೆರಳನ್ನು ಈ ಕಿವಿಯಿಂದ ಆ ಕಿವಿಯವರೆಗೆ ಸರ್‍ರನೆ ಎಳೆದಳು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಎಲ್ಲಿದ್ದರೋ ಏನೋ, ಬಂದೂಕಿನವರಿಬ್ಬರು ಬಂದು ನಿಂತರು. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. “ನಾನು ಇವರ ಜೊತೆ ಬಂದವನಲ್ಲ,” ಎಂದು ಅವರು ಪಕ್ಕದ ಸಾಲಿಗೆ ಹೋಗಿಬಿಟ್ಟರು. ಎಲ್ಲ ಬಿಡಿಸಿ ಹೇಳಿ ಮುಗಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕತ್ತಿ ಅವರ ಕಸದ ಡಬ್ಬಿಗೆ ಬಿತ್ತು. ಅಕ್ಕ ಆ ಡಬ್ಬಿಯನ್ನು ತಿರುಗಿ ತಿರುಗಿ ನೋಡುತ್ತಾ ನಡೆದಳು. ನಾನು ಅವಳ ಬೆನ್ನು ಸವರಿ ಸಮಾಧಾನ ಹೇಳಿದೆ. ಒಳಗೊಳಗೆ ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ನಾವು ಬಾಡಿಗೆಗೆ ಹಿಡಿದ ಮನೆ ಮೂರನೇ ಮಹಡಿಯಲ್ಲಿತ್ತು. ಬೀದಿ ತುಂಬಾ ಸೈಕಲ್ಲು, ಕೆಳಗೊಂದು ಔಷಧಿ ಅಂಗಡಿ, ಬಾಲ್ಕನಿಯಲ್ಲಿ ನಿಂತು ಕತ್ತು ಚಾಚಿದರೆ ಎರಡು ಕಟ್ಟಡಗಳ ನಡುವೆ ಒಂದು ತುಂಡು ಸಮುದ್ರ. ಬಚ್ಚಲಿನ ನಲ್ಲಿಯ ತಲೆಬುಡ ಯಾರಿಗೂ ಅರ್ಥವಾಗಲಿಲ್ಲ. ಒಳಗೆ ಹೋದ ಚಿಕ್ಕಪ್ಪ, “ಅಯ್ಯಯ್ಯೋ, ಮೇಲಿಂದಾನೂ ಬರ್ತಿದೆ, ಪಕ್ಕದಿಂದಾನೂ ಬರ್ತಿದೆ!” ಎಂದು ಕೂಗಿಕೊಂಡರು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಅಕ್ಕ ಮಾತ್ರ ಅಪ್ಪನ ಗಲ್ಲವನ್ನೇ ನೋಡುತ್ತಿದ್ದಳು. ಪ್ರಯಾಣದಲ್ಲಿ ಗಡ್ಡ ಬೆಳೆದು ಮುಖದ ತುಂಬಾ ಬಿಳಿ ಮುಳ್ಳು ಎದ್ದಿತ್ತು.

ಹುಟ್ಟುಹಬ್ಬದ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. “ಎಲ್ಲಾದ್ರೂ ಸಲೂನ್ ಇರುತ್ತೆ. ಕೇಳಿ ಒಂದು ಕತ್ತಿ ತರ್ತೀನಿ.”

“ಬೇಡ,” ಎಂದೆ. ಹಿಂದಿನ ದಿನವೇ ಕೆಳಗಿನ ಅಂಗಡಿಯಿಂದ ರೇಜರ್ ಮತ್ತು ನೊರೆಯ ಡಬ್ಬಿ ತಂದಿಟ್ಟಿದ್ದೆ. “ನೀನು ಕೇಕ್ ನೋಡ್ಕೋ ಅಕ್ಕ. ಇವತ್ತು ಅಪ್ಪಂಗೆ ನಾನು ಮಾಡ್ತೀನಿ.”

“ನೀನಾ?”

“ಯಾಕೆ, ನಾನು ಅವರ ಮಗಳಲ್ವಾ?”

ಅವಳು ಮೆಟ್ಟಿದ್ದ ಚಪ್ಪಲಿ ಕಳಚಿದಳು. ಅಪ್ಪ ಇಬ್ಬರನ್ನೂ ನೋಡಿದರು. “ಮಾಡ್ಲಿ ಬಿಡು,” ಎಂದು ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು.

ಅಪ್ಪನ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿ ಮುಟ್ಟಿದ್ದು ಅದೇ ಮೊದಲು. ಚರ್ಮ ಒಗೆದು ಒಗೆದು ತೆಳುವಾದ ಪಂಚೆಯ ಹಾಗಿತ್ತು. ನೊರೆ ಡಬ್ಬಿ ಒತ್ತಿದೆ, ಬುಸ್ಸೆಂದು ಕಿವಿಯೊಳಕ್ಕೂ ಹೋಯಿತು. ಬಲಗೆನ್ನೆ ಹೇಗೋ ಮುಗಿಯಿತು. ಎಡಗಡೆ ದವಡೆಯ ಕೆಳಗೆ ಕೂದಲು ಸುಳಿ ಸುತ್ತಿಕೊಂಡಿತ್ತು. ಎಳೆದೆ, ಮೇಲೆ, ಕೆಳಗೆ, ಮತ್ತೆ ಮೇಲೆ. ನೊರೆಯಲ್ಲಿ ಕೆಂಪು ಗೆರೆ ಎದ್ದಿತು. ಅಪ್ಪ ಕಣ್ಣು ಮುಚ್ಚಿಕೊಂಡು ಕಲ್ಲಿನ ಹಾಗೆ ಕೂತಿದ್ದರು.

“ಹಂಗಲ್ಲ ಕಣೇ, ಚರ್ಮ ಎಳೆದಿಟ್ಕೊಂಡು…” ಹಿಂದಿನಿಂದ ಅಕ್ಕನ ದನಿ ಬಂದು ಅಲ್ಲೇ ನಿಂತಿತು.

ತಿರುಗಿ ನೋಡಿದೆ. ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು, ಬಿಟ್ಟರೆ ಅವು ತಾವಾಗಿಯೇ ಓಡಿಬರುತ್ತವೇನೋ ಎಂಬಂತೆ. ತುಟಿ ಬಿಗಿಹಿಡಿದಿದ್ದಳು, ಮೂಗಿನ ತುದಿ ಕೆಂಪಾಗಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅಂಗಡಿಯ ಕನ್ನಡಿಯಲ್ಲಿ ಅವರಿಬ್ಬರ ಹಿಂದೆ ನಾನು ನೋಡಿಕೊಂಡಿದ್ದ ಮುಖ ಅದು. ಅಕ್ಕನಿಗೆ ಹೊಟ್ಟೆಕಿಚ್ಚು! ನನ್ನ ಮೇಲೆ! ಜನ್ಮದಲ್ಲಿ ಮೊದಲ ಸಲ! ನಾನು ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಮುದ್ದಿನಿಂದ ಅಪ್ಪನ ಗಲ್ಲ ಒರೆಸಿದೆ.

“ಚೆನ್ನಾಗಿ ಮಾಡ್ದೆ,” ಎಂದು ಅಕ್ಕ ಹೊರಟುಹೋದಳು. ಚಿಕ್ಕಪ್ಪ ಒಳಗೆ ಬಂದು ಇಣುಕಿ, “ಏನಣ್ಣ, ಈ ದೇಶದ ಬೆಕ್ಕು ಪರಚಿತಾ?” ಎಂದರು.

ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಸೇರಿದೆವು. ಕುರ್ಚಿ ಸಾಲದೆ ಅಳಿಯಂದಿರಿಬ್ಬರೂ ಸೂಟ್‌ಕೇಸಿನ ಮೇಲೆ ಕೂತರು. ಅಪ್ಪ ಹೊಸ ಅಂಗಿ ತೊಟ್ಟು, ದವಡೆಗೆ ಪ್ಲಾಸ್ಟರ್ ಅಂಟಿಸಿಕೊಂಡು, ಮೇಣದಬತ್ತಿ ಊದಿದರು. ಚಿಕ್ಕಮ್ಮ ಹಾಡಿದ್ದು ಅಪಸ್ವರ, ಆದರೂ ಚಪ್ಪಾಳೆ ಬಿತ್ತು. ಅಕ್ಕ ಕೇಕ್ ಕತ್ತರಿಸಿ ತಟ್ಟೆಗಳಿಗೆ ಹಾಕುತ್ತಿದ್ದಳು. ನನ್ನಿಂದ ಇನ್ನು ತಡೆಯಲಾಗಲಿಲ್ಲ.

“ಅಪ್ಪಾ, ಇವತ್ತು ಹೇಳ್ತೀನಿ ಅಂದಿದ್ರಿ.”

ನನ್ನ ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಾನು ಕಾಲು ಎಳೆದುಕೊಂಡೆ.

ಅಪ್ಪ ಬಾಯಿ ಒರೆಸಿಕೊಂಡು, “ಚಿಕ್ಕವಳ ಮನೆಗೆ ಹೋಗ್ತೀನಿ,” ಎಂದರು.

ಗೆದ್ದೆ! ಎದ್ದು ಕುಣಿಯುವುದೊಂದು ಬಾಕಿ. ನಾನು ಮೊದಲು ನೋಡಿದ್ದು ಅಪ್ಪನನ್ನಲ್ಲ, ಅಕ್ಕನನ್ನು. ಅವಳ ಕೈಯಲ್ಲಿದ್ದ ಚಾಕು ಕೇಕಿನ ಮಧ್ಯೆ ನಿಂತಿತ್ತು.

“ಹೋಗು. ನಾನೇನು ಬೇಡ ಅಂದ್ನಾ?” ಎಂದಳು. ಉಳಿದ ತುಂಡುಗಳನ್ನೂ ಕತ್ತರಿಸಿ, ಎಲ್ಲರಿಗೂ ಕೊಟ್ಟು, ಖಾಲಿ ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ನಲ್ಲಿ ಜೋರಾಗಿ ಸುರಿಯುವ ಸದ್ದು ಬಂತು. ಚಿಕ್ಕಮ್ಮ ನನ್ನನ್ನು ಒಂದು ತರಹ ನೋಡಿ ಅವಳ ಹಿಂದೆಯೇ ಎದ್ದುಹೋದರು.

ಊಟ ಮುಗಿದ ಮೇಲೆ ಅಪ್ಪ ಕಣ್ಸನ್ನೆ ಮಾಡಿ ನನ್ನನ್ನು ಬಾಲ್ಕನಿಗೆ ಕರೆದರು. ನಾನು ಹಿಗ್ಗಿ ಹೋದೆ. ಅಕ್ಕನನ್ನು ಬಿಟ್ಟು ನನ್ನೊಬ್ಬಳಿಗೇ ಅಪ್ಪ ಗುಟ್ಟು ಹೇಳುವುದೆಂದರೆ ಸಾಮಾನ್ಯವೇ? ಅವರು ಕಂಬಿ ಹಿಡಿದು ನಿಂತು ದನಿ ತಗ್ಗಿಸಿದರು.

“ಇದನ್ನ ಅವಳ ಹತ್ರ ಹೇಳ್ಬೇಡ. ಹೇಳಿದ್ರೆ ನನ್ನ ಬಿಡಲ್ಲ ಅವಳು.”

“ಇಲ್ಲಪ್ಪ, ಹೇಳಿ.”

“ಅವಳಿಗೆ ಆಗ್ತಿಲ್ಲಮ್ಮ. ಬೆಳಿಗ್ಗೆ ಎದ್ರೆ ನನ್ನ ಗಡ್ಡ, ನನ್ನ ಸ್ನಾನ, ನನ್ನ ಮಾತ್ರೆ. ಆಮೇಲೆ ಇಡೀ ದಿನ ಅಂಗಡೀಲಿ ನಿಂತ್ಕೊಂಡೇ ಇರ್ಬೇಕು. ಮೊನ್ನೆ ನನ್ನ ಕೆನ್ನೆ ಮೇಲೆ ಕೈ ಇಟ್ಕೊಂಡು ನಿಂತಲ್ಲೇ ತೂಕಡಿಸಿದ್ಲು, ಪಾಪ. ನಾನು ಎದುರಿಗಿರೋ ತನಕ ಅವಳು ಕೂರೋದಿಲ್ಲ. ನಿಮ್ಮನೇಲಿ ನಂಗೆ ಬೇಜಾರಾಗುತ್ತೆ, ಗೊತ್ತು. ಆದ್ರೂ ಪರವಾಗಿಲ್ಲ. ಅವಳು ನಾಕು ದಿನ ನೆಮ್ಮದಿಯಾಗಿ ಮಲಗ್ಲಿ.”

ಕೆಳಗೆ ಯಾರೋ ಸೈಕಲ್ ಗಂಟೆ ಹೊಡೆದರು. ನಾನು ಸಮುದ್ರದ ತುಂಡಿನ ಕಡೆ ಮುಖ ತಿರುಗಿಸಿದೆ. ನನ್ನ ಮನೆಗೆ ಬರುವಾಗಲೂ ಈ ಮನುಷ್ಯ ಅವಳಿಗೋಸ್ಕರ ಬರುತ್ತಿದ್ದಾರೆ. ಬೇಡ, ಹಾಗಾದರೆ ಬರಲೇಬೇಡಿ ಎಂದು ಕೂಗಿಬಿಡಬೇಕು ಎನ್ನಿಸಿತು. ಕೂಗಲಿಲ್ಲ. ಕೂಗಿದರೆ ಸಿಕ್ಕಿದ್ದಷ್ಟೂ ಕೈತಪ್ಪಿ ಹೋಗುತ್ತಿತ್ತು.

“ನಾನು ನಿಮಗೆ ಭಾರ ಆಗಲ್ವಲ್ಲ?” ಎಂದು ಅಪ್ಪ ಕೇಳಿದರು. ಆಮೇಲೆ ತಾವೇ ನನ್ನ ಭುಜ ತಟ್ಟಿ, ತುಂಬಾ ಪ್ರೀತಿಯಿಂದಲೇ ಹೇಳಿದರು, “ನಿಂಗೆ ಅಷ್ಟು ಕಷ್ಟ ಆಗಲ್ಲ ಬಿಡು. ನೀನು ಅವಳ ಹಾಗೆ ನನ್ನ ಹಚ್ಕೊಂಡವಳಲ್ಲ.”

“ಇಲ್ಲಪ್ಪ,” ಎಂದೆ. “ನಂಗೇನೂ ಕಷ್ಟ ಆಗಲ್ಲ.”