ಹುಸೇನಬಿಯ ಹಾಜರಿ

ನಮ್ಮ ಕಾಲಕ್ಕೆ ಏಳನೆಯ ಇಯತ್ತೆಯ ಪರೀಕ್ಷೆಗೆ ಮುಲ್ಕಿ ಎನ್ನುತ್ತಿದ್ದರು. ಪಾಸಾದ ಹುಡುಗಿಗೆ ಮಾಸ್ತರಿಕೆ ಸಿಗಬಹುದಿತ್ತು; ಇಲ್ಲದಿದ್ದರೆ ಮದುವೆ. ಬಸವನ ಬಾಗೇವಾಡಿ ಸಮೀಪದ ನಮ್ಮೂರ ಸರಕಾರಿ ಶಾಲೆಯಲ್ಲಿ ಆ ವರ್ಷ ಮುಲ್ಕಿಗೆ ಕೂರುವ ಹುಡುಗಿಯರು ನಾನು, ಗೌರಿ, ಹುಸೇನಬಿ. ಅವು ಸೀತನಿಯ ದಿನಗಳು. ಹೊಲದಲ್ಲಿ ಹಸಿಜೋಳದ ತೆನೆ ಸುಡುವ ವಾಸನೆ ಕಿಟಕಿಯೊಳಗೆ ಬರುತ್ತಿತ್ತು, ನಮ್ಮ ಲಕ್ಷ್ಯವೆಲ್ಲ ಅತ್ತಲೇ.

ಹೊಸದಾಗಿ ಬಂದಿದ್ದ ಮಾಸ್ತರರು ಭಕ್ತರು, ಕೆಟ್ಟವರಲ್ಲ. ಒಂದು ಮುಂಜಾನೆ ಹೇಳಿದರು: "ಹೆಸರ ಕರದಾಗ 'ಹಾಜರ್' ಅನಬ್ಯಾಡ್ರಿ. ಶರಣರ ನೆಲದಾಗ ಅದೀರಿ. 'ಶರಣು' ಅನ್ರಿ."

ಗೌರಿ ಎದ್ದು ನಿಂತಳು. "ಹಂಗಾರ ಗೈರುಹಾಜರಿಗೆ ಗೈರುಶರಣು ಅಂತ ಬರೀತೀರೇನ್ರಿ?"

ಮಾಸ್ತರರೂ ನಕ್ಕರು. ಆಮೇಲೆ ಹುಸೇನಬಿಯ ಹೆಸರು ಬಂತು.

"ಇದ್ದೇನ್ರಿ."

"ಶರಣು ಅನ್ನವಾ."

"ಇದ್ದೇನ್ರಿ ಮಾಸ್ತರ್ರ. ಶರಣು ದೇವರಿಗಷ್ಟ ಅಂತ ನಮ್ಮ ಮನ್ಯಾಗ ಹೇಳ್ಯಾರ್ರಿ."

"ಅನ್ನಲಿಲ್ಲಂದ್ರ ನೀ ಬಂದೇ ಇಲ್ಲ."

ಗೈರುಹಾಜರಿ ಹಾಕಿದರು. ಮರುದಿನವೂ ಅದೇ. ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಆದರೂ ಅವಳು ಬಂದಿಲ್ಲವೆಂದು ಬರೆಯುತ್ತಿದ್ದರು. ಹಾಜರಿ ಕಡಿಮೆಯಾದರೆ ಮುಲ್ಕಿಗೆ ಕೂರಿಸುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿ ಶೇಂಗಾ ಹಿಂಡಿ ಹಂಚಿಕೊಳ್ಳುವಾಗ ಅವಳು ಮುರಿದ ರೊಟ್ಟಿಯನ್ನು ಹಾಗೇ ಹಿಡಿದು ಕೂತಿರುತ್ತಿದ್ದಳು.

ವಾರ ತುಂಬುವುದರೊಳಗೆ ಅವಳ ತಂದೆ ಇಮಾಮಸಾಬ ಕಾಕಾ ಶಾಲೆಗೆ ಬಂದರು. ನಮ್ಮ ಹೊಲದ ಬದುವಿನಾಚೆ ಅವರ ಹೊಲ. ಚಪ್ಪಲಿ ಬಿಟ್ಟು ಕಟ್ಟೆ ಏರಿ, ರೂಢಿಯಂತೆ "ಶರಣ್ರೀ" ಎಂದರು.

ಮಾಸ್ತರರು ಥಟ್ಟನೆ ಎದ್ದರು. "ಈಗ ನೀವ ಅಂದ್ರಲ್ಲ! ಮಗಳಿಗೇನು ಧಾಡಿ?"

ಕಾಕಾ ಗಲಿಬಿಲಿಗೊಂಡರು. ತಾವೇನು ಅಂದೆವೆಂದು ನೆನಪಿಸಿಕೊಳ್ಳುವವರಂತೆ ಏರಿ ಬಂದ ಕಟ್ಟೆಯತ್ತ ತಿರುಗಿ ನೋಡಿದರು. "ಅದು ನಮ್ಮೂರ ಮಾತ್ರಿ. ಅನ್ನು ಅಂತ ನನಗ ಯಾರೂ ಅಂದಿಲ್ಲ. ಅದಕ್ಕ ತಾನಾಗೇ ಬಾಯಿಗೆ ಬರತೈತಿ."

ಒಳಗಿನಿಂದ ಹೆಡ್‌ಮಾಸ್ತರರು ಬಂದರು. ಹಣೆ ತುಂಬ ವಿಭೂತಿ ಹಚ್ಚುವವರು. "ಮಾಸ್ತರ್ರ, ನಾನೂ ಪೂಜಾ ಮುಗಿಸೇ ಬರತೇನಿ. ಅದು ನನ್ನ ಮನಿದು. ಇದು ಸರಕಾರದ ಸಾಲಿ. ಹುಡುಗಿ ಬಂದಾಳೋ ಇಲ್ಲೋ, ಅಷ್ಟ ಬರೀರಿ."

ಬರೆದದ್ದನ್ನು ಅಲ್ಲೇ ತಿದ್ದಿಸಿದರು. ಹುಸೇನಬಿ ಮುಲ್ಕಿ ಪಾಸಾದಳು. ಮುಂದೆ ಸಿಂದಗಿ ಕಡೆಯ ಶಾಲೆಯೊಂದರಲ್ಲಿ ಮಕ್ಕಳ ಅಕ್ಕೋರೂ ಆದಳು.

ಆದರೆ ಹಾಜರಿ ತಿದ್ದಿಸಿದ ದಿನ ಸಂಜೆ ನಾನು ಅಜ್ಜನ ಜೊತೆ ಹೊಲದಲ್ಲಿದ್ದಾಗ ಕಾಕಾ ಬದುವಿನ ಮೇಲೆ ಎದುರಾದರು. ಬಾಯಿ ತೆರೆದವರು ತಡೆದು, "ನಮಸ್ಕಾರ್ರಿ ಗೌಡ್ರ" ಎಂದರು.

"ಯಾಕೋ ಇಮಾಮ, ಪರಊರಾವನಂಗ ಮಾತಾಡ್ತೀ?" ಎಂದ ಅಜ್ಜ.

ಕಾಕಾ ನಕ್ಕು ಮುಂದೆ ನಡೆದರು. ಆಮೇಲೆಯೂ ಅವರಿಂದ 'ಶರಣ್ರೀ' ಎಂಬ ಮಾತನ್ನು ನಾನು ಕೇಳಲಿಲ್ಲ.

ಈಗ ನಮ್ಮೂರಲ್ಲಿ ಎದುರಿಗೆ ಬಂದವರ ಹಣೆ, ಟೋಪಿ ನೋಡಿಕೊಂಡು ಯಾವ ಮಾತಿನಿಂದ ಮಾತಾಡಿಸಬೇಕೆಂದು ಯೋಚಿಸುತ್ತೇವೆ. ನಾನೂ ಯೋಚಿಸುತ್ತೇನೆ. ಅಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆ.