ಮಲ್ಲಯ್ಯನ ಮುಂದಿಟ್ಟ ಪ್ರೋಟೀನು

ಮಲ್ಲಯ್ಯನನ್ನು ನಂಬಿದ ತಮಗೆಲ್ಲ ಶಹಾಪುರದ ಮಹಾದೇವಿಯಾದ ನನ್ನ ಶರಣು. ನನಗಾದ ಕಷ್ಟ ರೋಗದ್ದೂ ಅಲ್ಲ, ಸಾಲದ್ದೂ ಅಲ್ಲ. ಕಿರುಬೆರಳಿನ ತುದಿಯಷ್ಟೇ ಇದ್ದ ಬಾಟಲಿಯೊಂದು ಕಳೆದುಹೋಗಿತ್ತು. ಇದಕ್ಕೂ ದೇವರಿಗೂ ಏನು ಸಂಬಂಧ ಎಂದು ನಗುವವರು ನಗಲಿ, ಪೂರ್ತಿ ಓದಿ ನಗಲಿ.

ಅಪ್ಪ ನಾರಾಯಣಪುರದ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಸಕ್ಕರೆ ಕಾಯಿಲೆಯಿಂದ ಅವನ ಕಾಲಿನ ಹೆಬ್ಬೆರಳು ಹೋಯಿತು. ಗಾಯ ಯಾಕೆ ಆರುವುದಿಲ್ಲ, ಒಳಗಿನ ಉರಿ ಯಾಕೆ ಇಳಿಯುವುದಿಲ್ಲ ಎಂಬ ಪ್ರಶ್ನೆಯನ್ನೇ ಹಿಡಿದು ನಾನು ಕಲಬುರಗಿಯಲ್ಲಿ ಸಂಶೋಧನೆಗೆ ಸೇರಿದೆ. ನಮ್ಮ ಮೈಯ ಕೊಬ್ಬಿನಲ್ಲಿ ಹುಟ್ಟುವ ಒಂದು ಪ್ರೋಟೀನಿಗೆ ಚಯಾಪಚಯವನ್ನೂ ಉರಿಯೂತವನ್ನೂ ಹದದಲ್ಲಿಡುವ ಗುಣವಿದೆ. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದಲೇ ಈ ಪ್ರೋಟೀನು ಮಾಡಿಸಿ, ಒಣಪುಡಿಯಾಗಿ ಮಾರುತ್ತಾರೆ. ಬ್ಯಾಕ್ಟೀರಿಯಾಕ್ಕೆ ನಮ್ಮ ಕೆಲಸ ಮಾಡಲು ಬರುತ್ತದೆ ಎನ್ನುವುದು ನನಗೆ ಇವತ್ತಿಗೂ ಸೋಜಿಗ.

ಆದರೆ ನನ್ನ ಪ್ರಯೋಗದಲ್ಲಿ ಎಲ್ಲ ಉಲ್ಟಾ ಆಗುತ್ತಿತ್ತು. ಪ್ರೋಟೀನು ಹಾಕಿದ ಕೋಶಗಳು ತಣ್ಣಗಾಗುವ ಬದಲು ಇನ್ನಷ್ಟು ಕೆರಳುತ್ತಿದ್ದವು. ತಟ್ಟೆಯ ಹಳದಿ ಬಣ್ಣ ಗಾಢವಾದಷ್ಟೂ ಉರಿಯೂತ ಹೆಚ್ಚು ಎಂದರ್ಥ, ನನ್ನ ತಟ್ಟೆ ಅರಿಶಿನ ಕಲಸಿದಂತೆ ಕಾಣುತ್ತಿತ್ತು. ನನ್ನ ಮಾರ್ಗದರ್ಶಕರು ಬೇಸತ್ತರು. "ಇದು ಕಡೀ ಬಾಟ್ಲಿ ನೋಡವ್ವಾ. ಇದೂ ಹಂಗೇ ಆಯ್ತಂದ್ರ ಈ ವಿಷಯ ಬಿಟ್ಟುಬಿಡೋಣ" ಅಂದರು.

ಯುಗಾದಿಯ ಮರುವಾರ ವಿದ್ಯುತ್ ತಂತಿ ದುರಸ್ತಿಗೆಂದು ಪ್ರಯೋಗಾಲಯ ಮುಚ್ಚಿದರು. ಫ್ರಿಜ್ ಬಂದಾದರೆ ಗತಿಯೇನೆಂದು ಆ ಕೊನೆಯ ಬಾಟಲಿಯನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆಯ ಜೊತೆ ಇಟ್ಟು, ಬಸ್ಸು ಹತ್ತಿ ಶಹಾಪುರಕ್ಕೆ ತಂದೆ. ಡಬ್ಬಿಯನ್ನು ಮನೆಯ ಫ್ರಿಜ್ಜಿನಲ್ಲಿಟ್ಟೆ. ಅವ್ವ ಬಾಟಲಿಯ ಮೇಲಿನ ಚೀಟಿ ನೋಡಿ, "ಏನು ಬರದಾರ?" ಎಂದಳು.

"ಮನಷಾರ ಬಳಕೆಗೆ ಅಲ್ಲ ಅಂತ ಬರದಾರ. ಯಾರೂ ಮುಟ್ಟಬ್ಯಾಡ್ರಿ."

ಸೋಮವಾರ ಹೊರಡುವಾಗ ಅವ್ವ ಬಾಗಿಲಿಗೆ ಬಂದು, "ಎಲ್ಲಾ ತಗೊಂಡಿಯೇನು? ಆ ಬಾಟ್ಲಿ..." ಎನ್ನುವಷ್ಟರಲ್ಲಿ ನಾನು ಸಿಡುಕಿದೆ. "ಬಸ್ಸು ಹೋಗ್ತದವ್ವಾ, ನಂದು ನನಗ ಗೊತ್ತದ!"

ಕಲಬುರಗಿಯಲ್ಲಿ ಡಬ್ಬಿ ತೆರೆದರೆ ಬಾಟಲಿ ಇಲ್ಲ. ದಾರಿಯಲ್ಲಿ ಜೇವರ್ಗಿಯ ಹತ್ತಿರ ಡಬ್ಬಿ ತೊಡೆಯಿಂದ ಜಾರಿ ಬಿದ್ದಿತ್ತು, ಆಗಲೇ ಹೋಗಿರಬೇಕೆಂದು ನಿಲ್ದಾಣಕ್ಕೆ ಓಡಿದೆ. ಕಂಡಕ್ಟರು ಪಾಪ, ಸೀಟಿನಡಿ ಬಗ್ಗಿ ಹುಡುಕಿದ.

"ಔಷಧ ಏನ್ರಿ ಅಕ್ಕಾರ?"

"ಅಲ್ರಿ."

"ಮತ್ತ ಏನ್ರಿ ಅದು?"

ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತೆ. "ಮಲ್ಲಯ್ಯಾ, ನನ್ನ ಬಾಟ್ಲಿ ಈಗಿಂದೀಗ ಸಿಗಲಿ" ಎಂದು ಬೇಡಿಕೊಂಡೆ. ಸಿಗಲಿಲ್ಲ. ಸಿಡುಕಿ ಬಂದ ನಾಚಿಕೆಗೆ ಅವ್ವನಿಗೆ ಫೋನು ಮಾಡುವ ಮುಖವೂ ಇರಲಿಲ್ಲ.

ಪ್ರಯೋಗಾಲಯದಲ್ಲಿ ಕೋಶಗಳು ಬೆಳೆದು ಸಿದ್ಧವಾಗಿದ್ದವು, ಸುಮ್ಮನೆ ಚೆಲ್ಲಬೇಕು. ಚೆಲ್ಲುವ ಬದಲು ಪುಡಿ ಕರಗಿಸಲು ಬಳಸುತ್ತಿದ್ದ ನೀರನ್ನೇ ಹಾಕಿ ನೋಡೋಣ ಅನಿಸಿತು. ಅಲ್ಲಿಯವರೆಗೆ ಹೋಲಿಸಿ ನೋಡಲು ಬೇರೆ ಇಟ್ಟ ಕೋಶಗಳಿಗೆ ನಾನು ಏನೂ ಹಾಕುತ್ತಿರಲಿಲ್ಲ, ನೀರನ್ನು ಯಾರು ಅನುಮಾನಿಸುತ್ತಾರೆ? ಮರುದಿನ ನೋಡಿದರೆ ಬರೀ ನೀರು ಬಿದ್ದ ತಟ್ಟೆಯೂ ಅಷ್ಟೇ ಹಳದಿ! ಪರೀಕ್ಷಿಸಿದಾಗ ತಿಳಿಯಿತು, ಆ ನೀರಿನ ಬಾಟಲಿಯಲ್ಲಿ ಸತ್ತ ಬ್ಯಾಕ್ಟೀರಿಯಾದ ಕಸ ಸೇರಿತ್ತು. ಕೋಶಗಳನ್ನು ಕೆರಳಿಸಿದ್ದು ಅದು. ಪ್ರೋಟೀನಿನ ತಪ್ಪು ಏನೂ ಇರಲಿಲ್ಲ.

ಸಂತೋಷವೂ ಸಂಕಟವೂ ಒಟ್ಟಿಗೇ ಬಂದವು. ಕಾರಣ ಸಿಕ್ಕಿತು, ಬಾಟಲಿಯೇ ಇಲ್ಲ. ತಡೆಯಲಾರದೆ ಅವ್ವನಿಗೆ ಫೋನು ಮಾಡಿದೆ.

"ಎಲ್ಲಿ ಹೋಗ್ತದ? ಮಲ್ಲಯ್ಯನ ಮುಂದ ಅದ" ಎಂದಳು ಅವ್ವ, ನೆಮ್ಮದಿಯಾಗಿ.

"ಅಲ್ಯಾಕ ಇಟ್ಟಿ?"

"ಮನಷಾರಿಗೆ ಅಲ್ಲ ಅಂದಿ. ಮನಷಾರಿಗೆ ಅಲ್ಲಂದ್ರ ದೇವರ ಮೀಸಲಲ್ಲೇನು? ಸ್ನಾನ ಮಾಡಿ, ಮಡೀಲೆ ತಗದು ಇಟ್ಟೀನಿ. ಸೋಮವಾರದ ಪೂಜಿ ಆದಮ್ಯಾಲ ಕೊಡಬೇಕಂದ್ರ ನೀ ಬಾಯಿ ತಗೀಲಿಕ್ಕೂ ಬಿಡಲಿಲ್ಲ."

ಮುಂದಿನ ಬಸ್ಸಿಗೇ ಊರಿಗೆ ಹೋದೆ. ದೇವರ ಜಗಲಿಯ ಮೇಲೆ ಬಾಟಲಿ ಕುಳಿತಿತ್ತು, ಮುಚ್ಚಳಕ್ಕೆ ಭಂಡಾರದ ಅರಿಶಿನ, ಪಕ್ಕದಲ್ಲಿ ಒಂದು ಕಣಗಿಲೆ ಹೂ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಕೆಟ್ಟಿತೆಂದೇ ತಿಳಿದು ಸರ್‌ಗೆ ಫೋನಿನಲ್ಲಿ ಹೇಳಿದೆ. "ಸೀಲ್ ಒಡೆದಿಲ್ಲ ಅಲ್ಲೇನು? ಒಣಪುಡಿ ಸ್ವಲ್ಪ ದಿನ ತಡೀತದ. ಹೊಸ ನೀರು ತಗೊಂಡು ಮಾಡಿ ನೋಡು" ಅಂದರು.

ಮಾಡಿದೆ. ಬೇಕೆಂದೇ ಕೆರಳಿಸಿದ ಕೋಶಗಳಿಗೆ ಪ್ರೋಟೀನು ಬಿದ್ದಲ್ಲೆಲ್ಲ ಹಳದಿ ತೆಳುವಾಗಿತ್ತು. ಇನ್ನೊಮ್ಮೆ ಮಾಡಿದಾಗಲೂ ಹಾಗೇ ಬಂತು. ಸರ್ ತಟ್ಟೆಯನ್ನು ಬೆಳಕಿಗೆ ಹಿಡಿದು, "ವಿಷಯ ಬಿಡೋದು ಬ್ಯಾಡ" ಎಂದರು.

ಪುಡಿ ತಾನಾಗಿಯೇ ಬಿಸಿಲು ತಾಳಿತು, ಅದು ಅದರ ಗುಣ. ಅದನ್ನು ನಾನು ಪವಾಡ ಎನ್ನುವುದಿಲ್ಲ. ನಾನು ಕೌತುಕಪಡುವುದು ಬೇರೆಯದಕ್ಕೆ. ಬೆಂಚಿನ ಮೇಲೆ ಬೇಡಿಕೊಂಡಾಗಲೇ ಬಾಟಲಿ ಸಿಕ್ಕಿದ್ದರೆ, ಅದೇ ಕೆಟ್ಟ ನೀರಿನಲ್ಲಿ ಕರಗಿಸಿ ಕೈಯಾರೆ ಹಾಳು ಮಾಡುತ್ತಿದ್ದೆ. ನೀರಿನ ದೋಷ ತಿಳಿಯುವವರೆಗೂ ಮಲ್ಲಯ್ಯ ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಕಾಕತಾಳೀಯ ಎನ್ನುವವರೊಂದಿಗೆ ನನಗೆ ಜಗಳವಿಲ್ಲ. ನಾನು ಮಾತ್ರ ಕೈ ಮುಗಿಯುತ್ತೇನೆ.

ಊರಿಗೆ ಹೋಗಿ ಸುದ್ದಿ ಹೇಳಿದಾಗ ಅವ್ವ ಅಪ್ಪನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಳು.

"ಹಂಗಾದ್ರ ನಿಮ್ಮಪ್ಪಗ ಕೊಡಬಹುದೇನು?"

"ಇಲ್ಲವ್ವಾ. ಇನ್ನೂ ಮನಷಾರಿಗೆ ಅಲ್ಲ. ಭಾಳ ವರ್ಷ ಹಿಡೀತದ."

ಅವ್ವ ಪಟ್ಟಿಯ ಗಂಟು ಬಿಗಿದಳು. "ಇರಲಿ ಬಿಡು. ದೇವರ ಮುಂದ ಇಟ್ಟದ್ದು ಅಲ್ಲೇ ಉಳೀತದೇನು? ಪ್ರಸಾದ ಆಗಿ ಮನಷಾರಿಗೇ ಬರ್ತದ. ನೀ ಮಾಡ್ಕೋತ ಹೋಗು."

ಮಲ್ಲಯ್ಯಾ, ಆ ಪ್ರಸಾದ ಹಂಚುವ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದ್ದೀಯ. ಅಷ್ಟಕ್ಕೇ ಶರಣು.