ಅಧ್ಯಕ್ಷರ ಕಾರು, ನನ್ನ ನಿಂಬೆಹಣ್ಣು

ನಮ್ಮ ಬಡಾವಣೆ ಸಂಘದ ಅಧ್ಯಕ್ಷರು ತಮ್ಮದೇ ಕಾರಿನಿಂದ ಮಾರು ದೂರ ನಿಂತು ಬೆವರುತ್ತಿದ್ದರು. ಮುಂದಿನ ಚಕ್ರದ ಬುಡದಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣು ಕೂತಿತ್ತು. ಇಟ್ಟವನು ನಾನೇ.

ಯಾರೂ ತಂತಮ್ಮ ಮನೆ ಮುಂದೆ ಗಾಡಿ ನಿಲ್ಲಿಸಬಾರದೆಂದು ಗೌರಿಬಿದನೂರಿನ ನಮ್ಮ ಬಡಾವಣೆಗೆ ನಿಯಮ ತಂದವರು ಈ ಅಧ್ಯಕ್ಷರೇ. ಅವರೂ ತಮ್ಮ ಮನೆ ಮುಂದೆ ನಿಲ್ಲಿಸುತ್ತಿರಲಿಲ್ಲ, ನಿಜ. ದಿನವೂ ನನ್ನ ಗೇಟಿಗೆ ಅಡ್ಡ ನಿಲ್ಲಿಸುತ್ತಿದ್ದರು! ನನ್ನ ಮೊಪೆಡ್ ಒಳಗೇ ಬಂದಿ. ಹೇಳಿ ಹೇಳಿ ಸಾಕಾಗಿ ಅಡುಗೆಮನೆಯಿಂದ ನಿಂಬೆಹಣ್ಣು ತಂದಿದ್ದೆ.

ಹೆದರಿ ಕಾರು ತೆಗೆಯುತ್ತಾರೆ ಅಂದುಕೊಂಡರೆ, ಅಷ್ಟು ಓದಿದ ಮನುಷ್ಯ ಅದನ್ನು ಮುಟ್ಟಲೇ ಒಪ್ಪಲಿಲ್ಲ.

"ಯಾರೋ ಮಾಟ ಮಾಡ್ಸಿದಾರೆ ಕಣಣ್ಣಾ! ಅಮಾಸೆ ಕಳೀಲಿ, ಅಲ್ಲೀಗಂಟ ಕಾರು ಇಲ್ಲೇ ಇರ್ಲಿ."

ಅಲ್ಲಿಯವರೆಗೆ ನನ್ನ ಮೊಪೆಡ್ ಗತಿ?

ಬಗ್ಗಿ ಹಣ್ಣೆತ್ತಿಕೊಂಡೆ. ಒಳಗೆ ಹೋಗಿ ಕುಂಕುಮ ತೊಳೆದು, ಪಾನಕ ಮಾಡಿ ತಂದು, ಅವರ ಕಣ್ಣೆದುರೇ ಗಟಗಟನೆ ಕುಡಿದೆ.

"ನಿಂಗೂ ಒಂದ್ಲೋಟ ಕೊಡ್ಲೇನಪ್ಪ?"

ಅವರು ಕಾರು ಹತ್ತಿ ಹೊರಟವರು ಹಿಂದೆ ತಿರುಗಿ ನೋಡಲಿಲ್ಲ.

ಈಗ ನನ್ನ ಗೇಟಿನ ಮುಂದೆ ಸೈಕಲ್ಲೂ ನಿಲ್ಲುವುದಿಲ್ಲ. ಮೊನ್ನೆಯಂತೂ ಅಧ್ಯಕ್ಷರ ಹೆಂಡತಿ ಮೊಮ್ಮಗುವನ್ನು ಎತ್ತಿಕೊಂಡು ಬಂದು ದೃಷ್ಟಿ ತೆಗೆಯಿರಿ ಎಂದರು. ಗಂಭೀರವಾಗಿ ತೆಗೆದು ಕಳಿಸಿದೆ.